ಲಾಲ್‌ಬಾಗಿನಿಂದ ನಮ್ಮೂರಿಗೆ ಏನು ತರೋಣ?

(ಮಳೆಗಾಲಕ್ಕೆ ಮುಂಚೆ ಕಮಲನಗರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮೃಗಶಿರ ಮಳೆಗೆ ಇನ್ನು ಮೂರು ವಾರ ಇದೆ. ಹೊಲ ಹರಗಿ, ಬೀಜ ಗೊಬ್ಬರ ಹೊಂದಿಸಿಕೊಳ್ಳುವ ಈ ಅವಸರದಲ್ಲಿಯೂ ತಾವು ಇಷ್ಟು ಜನ ಬಂದು ಕುಳಿತಿದ್ದೀರಿ. ಬಿಸಿಲು ಜೋರಾಗಿದೆ. ಆದುದರಿಂದ ನಾನು ಸುತ್ತು ಬಳಸದೆ ವಿಷಯಕ್ಕೆ ಬರುತ್ತೇನೆ.

ಈ ಸಲ ಶಾಲೆಯ ಅಂಗಳದಲ್ಲಿ, ಸ್ಟೇಷನ್ನಿನ ದಾರಿಯಲ್ಲಿ, ಬಾವಿಯ ಹತ್ತಿರ ಮತ್ತು ಸ್ಮಶಾನದ ಅಂಚಿನಲ್ಲಿ ಚೆಂದದ ಗಿಡ ಹಚ್ಚಬೇಕೆಂದು ತಾವು ಮಾತಾಡಿಕೊಂಡಿದ್ದೀರಿ. ಕೇಳಿ ಬಹಳ ಸಂತೋಷವಾಯಿತು. ಯಾವ ಗಿಡ ಬೇಕೆಂದು ಬರೆದ ಯಾದಿಯನ್ನೂ ನನಗೆ ತೋರಿಸಿದರು. ಅದರಲ್ಲಿ 200 ಗುಲ್ಮೊಹರ್ ಎಂದು ಬರೆದಿತ್ತು. ಬೇರೆ ಹೆಸರೇ ಇರಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ನೋಡಿ ಬಂದ ತರುಣರು ಬಹಳ ಉತ್ಸಾಹದಿಂದ ಅದನ್ನು ಬರೆದಿದ್ದಾರೆ. ಹೋದ ಸಲ ಹಚ್ಚಿದ ಗಿಡಗಳಲ್ಲಿ ಎಷ್ಟು ಉಳಿದಿವೆ ಎಂದು ನಾನು ಕೇಳಿದೆ. ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿದರು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗ ನಾಲ್ಕು ಬೆರಳು ತೋರಿಸಿದ.

ಒಳಗೆ ಬರುವಾಗ ಹಿರಿಯ ಕಾಕಾ ಒಬ್ಬರು ನನ್ನ ಕೈ ಹಿಡಿದು, "ಮಾಸ್ತರ್, ಹೂವಿನ ಗಿಡ ಹಚ್ಚಿದರ ಹೊಟ್ಟಿ ತುಂಬ್ತದೇನ್ರೀ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಟ್ಟೇ ನಾನು ಕುಳಿತುಕೊಳ್ಳುತ್ತೇನೆ. ಅದಕ್ಕೆ ಮೊದಲು ಲಾಲ್‌ಬಾಗಿನ ಸಂಗತಿಯನ್ನು ಸ್ವಲ್ಪ ತಿಳಿಯೋಣ. ಏಕೆಂದರೆ ಆ ತೋಟದಿಂದ ನಾವು ತರಬೇಕಾದದ್ದು ಒಂದಿದೆ; ಅದು ಈ ಯಾದಿಯಲ್ಲಿ ಇಲ್ಲ.

ಎರಡು ಲಾಲ್‌ಬಾಗ್

ಲಾಲ್‌ಬಾಗ್ ಎಂದರೆ ಬೆಂಗಳೂರು ಎಂದೇ ಎಲ್ಲರೂ ತಿಳಿಯುತ್ತಾರೆ. ನಮ್ಮ ಜಿಲ್ಲೆಯಲ್ಲಿಯೂ ಒಂದು ಲಾಲ್‌ಬಾಗ್ ಇದೆ. ಬೀದರ ಕೋಟೆಯೊಳಗೆ ಸೋಲಾ ಖಾಂಬ ಮಸೀದಿಯ ಮುಂದೆ ನಿಂತರೆ ಆ ಉದ್ದನೆಯ ತೋಟದ ಜಾಗ ಕಾಣುತ್ತದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ದೊರೆ ಅಹಮದ್ ಶಾ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ. ಅರಮನೆ, ಮಸೀದಿ, ಹಮಾಮುಗಳ ಜೊತೆಗೆ ತೋಟಗಳೂ ಎದ್ದವು. ಆ ಮೇಲೆ ಬಂದ ಬರೀದ್ ಶಾಹಿಗಳೂ ತೋಟದ ಪ್ರಿಯರೇ. ಅಲಿ ಬರೀದ್ ತಾನು ಬದುಕಿರುವಾಗಲೇ, 1577ರ ಸುಮಾರಿಗೆ, ಕಟ್ಟಿಸಿಕೊಂಡ ಗೋರಿ ನಾಲ್ಕು ಕಡೆಗೂ ತೆರೆದಿದೆ. ಸುತ್ತಲೂ ತೋಟ ಇರಲೆಂದೇ ಅದನ್ನು ಹಾಗೆ ಕಟ್ಟಿದ್ದು.

ಆಗಿನವರು ನೀರನ್ನು ಎಷ್ಟು ಕಷ್ಟದಿಂದ ಹುಡುಕಿದರು ಎಂಬುದನ್ನು ನೌಬಾದಿನಲ್ಲಿ ನೋಡಬಹುದು. ಪರ್ಷಿಯಾ ದೇಶದ ರೀತಿಯಲ್ಲಿ ಜಂಬಿಟ್ಟಿಗೆಯ ನೆಲದಡಿ ಸುರಂಗ ಕೊರೆದು, ನಡುನಡುವೆ ಬಾವಿಯಂತಹ ಕಂಡಿಗಳನ್ನು ಇಳಿಸಿ, ನೆಲದೊಳಗಿನ ನೀರನ್ನು ಇಳಿಜಾರಿನಲ್ಲಿ ಹರಿಸಿದ್ದಾರೆ. ಅದನ್ನೇ ಕಾರೇಜ್ ಎನ್ನುವುದು. ನಮ್ಮವರು ಸುರಂಗ ಬಾವಿ ಎನ್ನುತ್ತಾರೆ.

ಇಷ್ಟೆಲ್ಲ ಮಾಡಿದ ಬೀದರದಲ್ಲಿ ಕಲ್ಲು ಉಳಿದಿದೆ, ಗಚ್ಚು ಉಳಿದಿದೆ, ಅಂದು ಹಚ್ಚಿದ ಗಿಡಗಳು ಉಳಿದಿಲ್ಲ. ಬಹಮನಿಗಳು ಹೋದರು, ಬರೀದರು ಬಂದರು. 1619ರಲ್ಲಿ ಬೀದರ ವಿಜಾಪುರದವರ ಕೈಗೆ ಹೋಯಿತು. ಮುಂದೆ ಮೊಗಲರು, ನಿಜಾಮರು ಬಂದರು. ಒಡೆಯರು ಬದಲಾದಾಗ ಕೋಟೆಯ ಗೋಡೆಗೆ ಹತ್ತು ವರ್ಷ ಯಾರೂ ಕೈ ಹಚ್ಚದಿದ್ದರೂ ಅದು ನಿಲ್ಲುತ್ತದೆ. ಗಿಡಕ್ಕೆ ಒಂದು ಬೇಸಿಗೆ ನೀರು ತಪ್ಪಿದರೆ ಸಾಕು.

ಬೆಂಗಳೂರಿನ ಲಾಲ್‌ಬಾಗ್ ಇದಕ್ಕಿಂತ ಚಿಕ್ಕ ವಯಸ್ಸಿನದು. ಹೈದರ್ ಅಲಿ ಅದನ್ನು 1760ರಲ್ಲಿ ಪ್ರಾರಂಭಿಸಿದ. ಅವನ ಮಗ ಟಿಪ್ಪು ದೂರದ ನಾಡುಗಳಿಂದ ಗಿಡ ತರಿಸಿ ಅದನ್ನು ಬೆಳೆಸಿದ. 1800ರಲ್ಲಿ, ಅಂದರೆ ಟಿಪ್ಪು ತೀರಿಕೊಂಡ ಮರುವರ್ಷ, ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ಅದನ್ನು ನೋಡಿ ಬರೆದಿಟ್ಟಿದ್ದಾನೆ. ತೋಟ ಚೌಕ ಚೌಕವಾಗಿತ್ತು. ನಡುವಿನ ದಾರಿಗಳ ಪಕ್ಕದಲ್ಲಿ ಸುರುವಿನ ಗಿಡಗಳಿದ್ದವು. ಒಂದು ಮಡಿಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಪಟ್ಟಿ.

ರೈತರಾದ ನಮಗೆ ಅವನು ಬರೆದ ಮತ್ತೊಂದು ಸಂಗತಿ ಮುಖ್ಯವಾದದ್ದು. ಆ ತೋಟಗಳ ದೊಡ್ಡ ಕೊರತೆ ನೀರೇ ಎಂದು ಅವನು ಕಂಡುಕೊಂಡ. ಹೈದರನ ತೋಟಕ್ಕೆ ಮೂರು ಬಾವಿಗಳಿಂದ ಕಪಿಲೆಯಲ್ಲಿ ನೀರು ಎತ್ತಬೇಕಾಗಿತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿಯುವಾಗ ತೊಗಲಿನ ಚೀಲ ತುಂಬಿ ಮೇಲೆ ಬರುವ ಆ ಪದ್ಧತಿಯನ್ನು ಇಲ್ಲಿನ ಹಿರಿಯರು ಕಣ್ಣಾರೆ ಕಂಡಿದ್ದೀರಿ, ಕೆಲವರು ಹೊಡೆದೂ ಇದ್ದೀರಿ. ದೊರೆಯ ತೋಟಕ್ಕೂ ನೀರು ಬಂದದ್ದು ಎತ್ತಿನ ಹೆಗಲಿನಿಂದ, ಆಳಿನ ಬೆವರಿನಿಂದ. ಬೇರೆ ದಾರಿ ಅವರಿಗೂ ಇರಲಿಲ್ಲ.

ಕೈ ತಪ್ಪದ ತೋಟ

ಟಿಪ್ಪುವಿನ ನಂತರ ಬೆಂಗಳೂರಿನ ತೋಟಕ್ಕೂ ಬೀದರದ ಗತಿಯೇ ಬರಬಹುದಾಗಿತ್ತು. ಬರಲಿಲ್ಲ. ಕಂಪನಿಯ ಅಧಿಕಾರಿಗಳ ಕೈಯಿಂದ ಕೈಗೆ ಹೋಗಿ 1856ರಲ್ಲಿ ಅದು ಸರಕಾರಿ ಸಸ್ಯತೋಟವಾಯಿತು. ವಿಲಿಯಂ ನ್ಯೂ, ಆ ಮೇಲೆ 1874ರಿಂದ ಜಾನ್ ಕ್ಯಾಮರಾನ್, 1908ರಿಂದ 1932ರವರೆಗೆ ಜರ್ಮನಿಯ ಕ್ರುಂಬಿಗಲ್, ಅವರ ಹಿಂದೆ ನಮ್ಮವರೇ ಆದ ಜವರಾಯರು, ಮುಂದೆ ಮರಿಗೌಡರು, ಹೀಗೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದರು. ಇವರ ಹೆಸರುಗಳು ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಹೆಸರಿಲ್ಲದ ಮಾಲಿಗಳು ನೂರಾರು ಜನ. ಮೊದಲು 40 ಎಕರೆಯಷ್ಟಿದ್ದ ತೋಟ ಈಗ 240 ಎಕರೆ ಇದೆ.

ಸಸ್ಯತೋಟ ಎಂದರೆ ನೋಡಿ ಬರುವ ಜಾಗ ಎಂದಷ್ಟೇ ತಿಳಿಯಬಾರದು. ಹೊರನಾಡಿನ ಗಿಡ ಬಂದರೆ ಮೊದಲು ಅಲ್ಲಿ ಹಚ್ಚಿ ನೋಡುತ್ತಾರೆ. ನೆಲ ಒಗ್ಗುತ್ತದೆಯೇ, ಎಷ್ಟು ನೀರು ಕೇಳುತ್ತದೆ, ಗಾಳಿಗೆ ನಿಲ್ಲುತ್ತದೆಯೇ, ಬೇರೆ ಗಿಡವನ್ನು ಕೆಡಿಸುತ್ತದೆಯೇ ಎಂದು ವರ್ಷಗಟ್ಟಲೆ ಲೆಕ್ಕ ಇಡುತ್ತಾರೆ. ಬೆಂಗಳೂರಿನ ಸುತ್ತಿನ ರೈತರು ಬೆಳೆಯುವ ಸೀಮೆಬದನೆ ಕ್ಯಾಮರಾನರ ಕಾಲದಲ್ಲಿ ಈ ತೋಟದ ಮೂಲಕವೇ ಹೊಲಕ್ಕೆ ಇಳಿಯಿತು. ತಾವು ಹೊಸ ತೊಗರಿ ಬೀಜ ತಂದರೆ ಮೊದಲ ವರ್ಷ ಇಡೀ ಹೊಲಕ್ಕೆ ಬಿತ್ತುತ್ತೀರಾ? ನಾಲ್ಕು ಸಾಲು ಬಿತ್ತಿ ನೋಡುತ್ತೀರಿ. ತೋಟದವರು ಮಾಡಿದ್ದೂ ಅದನ್ನೇ.

ಕ್ರುಂಬಿಗಲ್ ಅವರು ಇನ್ನೊಂದು ಯುಕ್ತಿ ಮಾಡಿದರು. ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳೂ ಊರು ಬರಿದಾಗಿ ಕಾಣಬಾರದು ಎಂದು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಸರದಿ ನೋಡಿ ಆರಿಸಿದರು. ಬೇಸಿಗೆಯ ಮೊದಲಿಗೆ ಜಕರಂದದ ನೀಲಿ, ಅದರ ಹಿಂದೆಯೇ ಗುಲ್ಮೊಹರಿನ ಕೆಂಪು, ಹೊಳೆದಾಸವಾಳದ ನೇರಳೆ, ಹಳದಿ ಗುಲ್ಮೊಹರಿನ ಬಂಗಾರದ ಬಣ್ಣ. ಎಲ್ಲ ಬೀದಿಗೂ ಒಂದೇ ಗಿಡ ಎಂದು ಅವರು ಯಾದಿ ಬರೆಯಲಿಲ್ಲ.

ಗಿಡದ ಗುಣ, ಗಿಡದ ದೋಷ

ಈಗ ಆ ತೋಟದಲ್ಲಿ ಹೆಸರು ಮಾಡಿದ ಕೆಲವು ಮರಗಳ ಸ್ವಭಾವ ಹೇಳುತ್ತೇನೆ. ಹೆಣ್ಣು ಗಂಡು ನೋಡುವಾಗ ಗುಣ ದೋಷ ಎರಡನ್ನೂ ವಿಚಾರಿಸುತ್ತೇವಲ್ಲ, ಹಾಗೆಯೇ ಕೇಳಿರಿ.

ಗುಲ್ಮೊಹರ್ ಮಡಗಾಸ್ಕರ ದ್ವೀಪದ ಮರ. 19ನೆಯ ಶತಮಾನದಲ್ಲಿ ಅಲ್ಲಿಂದ ಹೊರಟು ಲೋಕವೆಲ್ಲ ಸುತ್ತಿತು. ಟಿಪ್ಪುವಿನ ಕಾಲದಲ್ಲಿ ಇದು ನಮ್ಮ ದೇಶದಲ್ಲಿ ಇರಲೇ ಇಲ್ಲ. ಬೇಗ ಬೆಳೆಯುತ್ತದೆ, ವೈಶಾಖದ ಬಿಸಿಲಿನಲ್ಲಿ ಕೆಂಡದ ಹಾಗೆ ಅರಳುತ್ತದೆ. ಆದರೆ ಕಟ್ಟಿಗೆ ಮೆತ್ತಗೆ, ಬೇರು ಮೇಲೆ ಮೇಲೆ. ನಮ್ಮ ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಂತಹ ನೆಲದಲ್ಲಿ ಅಗಲವಾದ ತಲೆ ಹೊತ್ತ ಮರ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ವಾಲುತ್ತದೆ, ಕೊಂಬೆ ಮುರಿಯುತ್ತದೆ. ಬಯಲಿನಲ್ಲಿ ಎರಡು ಮೂರು ಇರಲಿ, ಕಣ್ಣಿಗೆ ಹಬ್ಬ. ಶಾಲೆಯ ಚಾವಣಿಯ ಪಕ್ಕದಲ್ಲಿ, ಕರೆಂಟಿನ ತಂತಿಯ ಕೆಳಗೆ, ದನ ಕಟ್ಟುವ ಕೊಟ್ಟಿಗೆಯ ಮೇಲೆ ಬೇಡ.

ಮಳೆ ಮರ ಅಮೆರಿಕ ಖಂಡದ್ದು. ಸಂಜೆಗೆ ಎಲೆ ಮುಚ್ಚುತ್ತದೆ. ಅದರ ಸಿಹಿ ಕಾಯಿಯನ್ನು ದನಗಳು ಆಸೆಯಿಂದ ತಿನ್ನುತ್ತವೆ. ಬೆಳೆದ ಮರದ ನೆರಳು 100 ಅಡಿ ಅಗಲ ಹಿಡಿಯಬಲ್ಲದು. ಲೆಕ್ಕ ಹಾಕಿದರೆ ಸುಮಾರು 7 ಗುಂಟೆ ನೆಲ. ಸಂತೆಯ ಬಯಲಿಗೆ ಇದು ತಾಯಿಯಂತಹ ಮರ. ನಿಮ್ಮ ಬದುವಿನ ಮೇಲೆ ಹಚ್ಚಿದರೆ ನಿಮ್ಮ ಜೋಳವೂ ಪಕ್ಕದವರ ಜೋಳವೂ ನೆರಳಿಗೆ ಸಿಕ್ಕು, ಇಬ್ಬರ ನಡುವೆ ಜಗಳ ಬೆಳೆಯುತ್ತದೆ.

ನಾಗಲಿಂಗದ ಮರವನ್ನು ಹೂವಿನ ಆಕಾರಕ್ಕಾಗಿ ಎಲ್ಲರೂ ಮೆಚ್ಚುತ್ತಾರೆ. ಅದೂ ದಕ್ಷಿಣ ಅಮೆರಿಕದಿಂದ ಬಂದದ್ದು. ಅದರ ಕಾಯಿ ಗುಂಡಿನಷ್ಟು ಗಟ್ಟಿ, ತಲೆಯಷ್ಟು ದಪ್ಪ. ಮಕ್ಕಳು ಆಡುವ ಜಾಗದಲ್ಲಿ ಅದು ಮೇಲಿನಿಂದ ಬಿದ್ದರೆ ಗತಿಯೇನು? ಸೀತೆ ಕುಳಿತ ಅಶೋಕ ಎಂದು ನಾವು ಹೇಳುವ ನಿಜವಾದ ಅಶೋಕ ಬಹಳ ಸುಂದರ. ಆದರೆ ಅದಕ್ಕೆ ತಂಪು, ತೇವ, ಅರೆ ನೆರಳು ಬೇಕು. ನಮ್ಮ ಬಿಸಿಲಿಗೆ ಅದನ್ನು ನಿಲ್ಲಿಸಿದರೆ ಪಾಪ ತಟ್ಟುತ್ತದೆ.

ಪೊದೆ ಗಿಡಗಳಲ್ಲಿ ಲಂಟಾನದ ಕಥೆ ಎಲ್ಲರೂ ತಿಳಿಯಬೇಕಾದದ್ದು. ಅದು ಅಮೆರಿಕದ ಹೂಗಿಡ. ಬಣ್ಣಬಣ್ಣದ ಗೊಂಚಲು ನೋಡಿ 19ನೆಯ ಶತಮಾನದಲ್ಲಿ ತೋಟದ ಬೇಲಿಗೆಂದು ನಮ್ಮ ದೇಶಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಬಿತ್ತಿದವು. ಇಂದು ದೇಶದ ಎಷ್ಟೋ ಅಡವಿಗಳಲ್ಲಿ ಹುಲ್ಲಿಗೂ ಸಸಿಗೂ ಜಾಗ ಬಿಡದೆ ಅದೇ ತುಂಬಿಕೊಂಡಿದೆ. ದನ ತಿಂದರೆ ಪಿತ್ತಕೋಶ ಕೆಟ್ಟು ನರಳುತ್ತದೆ. ತಂದವರಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಅವರು ಹೂವು ನೋಡಿದರು, ಬೀಜ ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ.

ನನ್ನದೇ ಒಂದು ತಪ್ಪು

ಬೇರೆಯವರ ತಪ್ಪು ಹೇಳಿದ ಮೇಲೆ ನನ್ನದನ್ನು ಮುಚ್ಚಿಟ್ಟುಕೊಳ್ಳುವುದು ಸರಿಯಲ್ಲ.

ಮೂವತ್ತು ವರ್ಷಗಳ ಹಿಂದೆ, ನಾನು ಸಸಿಮಡಿಯ ಕೆಲಸಕ್ಕೆ ಹೊಸದಾಗಿ ಸೇರಿದಾಗ, ಒಂದು ಹಳ್ಳಿಯ ಬಾವಿಯ ಅಂಗಳಕ್ಕೆ ಬೇಲಿ ಬೇಕೆಂದರು. ನಾನು ಕಣಗಿಲೆ ಕೊಟ್ಟೆ. ಕಡ್ಡಿ ನೆಟ್ಟರೆ ಹತ್ತುತ್ತದೆ, ನೀರು ಕಡಿಮೆ ಸಾಕು, ವರ್ಷವೆಲ್ಲ ಹೂವು, ದನ ಮೇಯುವುದಿಲ್ಲ. ಇಷ್ಟೂ ನಿಜ. ಎರಡು ವರ್ಷದಲ್ಲಿ ಬೇಲಿ ಎದೆಯೆತ್ತರ ಬಂತು, ಬಂದವರೆಲ್ಲ ಹೊಗಳಿದರು. ನಾನೇ ನಿಂತು ಒಂದು ದಿನ ಅದನ್ನು ಸಮನಾಗಿ ಕತ್ತರಿಸಿಸಿದೆ. ಕತ್ತರಿಸಿದ ಸೊಪ್ಪನ್ನು ದಾರಿಯ ಪಕ್ಕದಲ್ಲಿ ರಾಶಿ ಹಾಕಿ ಸಂಜೆ ಊರಿಗೆ ಹೊರಟುಬಿಟ್ಟೆ.

ಹಸಿ ಕಣಗಿಲೆ ಕಹಿ, ದನ ಮುಟ್ಟುವುದಿಲ್ಲ. ಬಾಡಿದ ಮೇಲೆ ತಿನ್ನುತ್ತದೆ, ಆಗಲೂ ವಿಷ ಹಾಗೆಯೇ ಇರುತ್ತದೆ. ಮರುದಿನ ಒಬ್ಬ ಮುದುಕಿಯ ಪಡ್ಡೆ ಆ ರಾಶಿಗೆ ಬಾಯಿ ಹಾಕಿತು. ರಾತ್ರಿಯೊಳಗೆ ಸತ್ತಿತು. ಅದು ಚೊಚ್ಚಲ ಗಬ್ಬದ ಪಡ್ಡೆ. ಆಕೆಗೆ ಬೇರೆ ಆಧಾರ ಇರಲಿಲ್ಲ. ನಾನು ಹೋಗಿ ತಲೆ ತಗ್ಗಿಸಿ ನಿಂತೆ. ಆಕೆ ಬೈಯಲಿಲ್ಲ. "ಹೂವು ಚಂದ ಇತ್ತಪ್ಪ. ಆದರ ನಿನಗ ಗೊತ್ತಿದ್ದದ್ದು ನಮಗ ಯಾಕ ಹೇಳಲಿಲ್ಲ?" ಎಂದು ಕೇಳಿದಳು.

ಪಡ್ಡೆಯ ಬೆಲೆಯನ್ನು ಕಂತಿನ ಮೇಲೆ ಕೊಟ್ಟು ತೀರಿಸಿದೆ. ಆ ಮಾತಿಗೆ ಮಾತ್ರ ಇಂದಿಗೂ ನನ್ನ ಹತ್ತಿರ ಉತ್ತರ ಇಲ್ಲ. ಅಂದಿನಿಂದ ಯಾರಿಗೆ ಗಿಡ ಕೊಟ್ಟರೂ ಅದರ ಚೆಲುವು ಹೇಳುವ ಮೊದಲು ಅದರ ಕೆಡುಕು ಹೇಳುತ್ತೇನೆ. ತಾವು ಸಸಿ ತರಲು ಹೋದಾಗಲೂ ಹೀಗೆಯೇ ಕೇಳಿರಿ: ಇದು ದನಕ್ಕೆ ವಿಷವೇ? ಮುಳ್ಳಿದೆಯೇ? ಕೊಂಬೆ ಮುರಿಯುತ್ತದೆಯೇ? ಬೀಜ ಹಾರಿ ಹೊಲ ಸೇರುತ್ತದೆಯೇ? ಎಷ್ಟು ಅಗಲ ಬೆಳೆಯುತ್ತದೆ? ಕೇಳಲು ಸಂಕೋಚ ಬೇಡ. ಕೊಡುವವರಿಗೆ ಹೇಳುವ ಹೊಣೆ ಇದೆ.

ನಮ್ಮ ನೆಲಕ್ಕೆ ನಮ್ಮ ಸರದಿ

ಹಾಗಾದರೆ ಏನು ಹಚ್ಚೋಣ? ಕ್ರುಂಬಿಗಲ್ ಮಾಡಿದ ಹಾಗೆ ನಾವೂ ಒಂದು ಸರದಿ ಮಾಡೋಣ. ಇಂಗ್ಲಿಷ್ ತಿಂಗಳು ಬಿಟ್ಟು ನಮ್ಮ ಮಾಸಗಳಲ್ಲಿಯೇ ಹೇಳುತ್ತೇನೆ.

ಮಾಘದಲ್ಲಿ ಕೆಂಪು ಬೂರುಗ ಎಲೆ ಉದುರಿಸಿ ಹೂವು ಹೊರುತ್ತದೆ. ಹಕ್ಕಿಗಳಿಗೆ ಅದೊಂದು ಸಂತೆ. ಎಳೆಯ ಮರದ ಮೈಯೆಲ್ಲ ಮುಳ್ಳು, ಆದುದರಿಂದ ಸ್ಮಶಾನದ ಅಂಚಿಗೆ ಸರಿ, ಶಾಲೆಗೆ ಬೇಡ. ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಯ ಹೊತ್ತಿಗೆ, ಮುತ್ತುಗ. ಗಡಿಯಾಚೆಯ ನೆಂಟರು ಇದನ್ನೇ ಪಳಸ ಎನ್ನುತ್ತಾರೆ. ಎರೆ ನೆಲದಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ ಕೂಡ ಬದುಕುವ ಗಟ್ಟಿ ಜೀವ. ಎಲೆಯಿಂದ ಪತ್ರೋಳಿ, ಹೂವಿನಿಂದ ಹೋಳಿಯ ಬಣ್ಣ. ಇದರ ತಾಯಿಬೇರು ಬೇಗ ಆಳಕ್ಕೆ ಇಳಿಯುವುದರಿಂದ ಬೀಜವನ್ನು ಇರುವ ಜಾಗದಲ್ಲಿಯೇ ಊರುವುದು ಮೇಲು.

ಚೈತ್ರದಲ್ಲಿ ಬೇವು ಮತ್ತು ಹುಲಗಲ. ಹುಲಗಲ ಎಂದರೆ ಹೊಂಗೆ, ಮರಾಠಿಯ ಕರಂಜ. ಇದರ ಹೂವು ನೆಲದ ಮೇಲೆ ಉದುರಿ ಹಾಸಿಗೆಯಾಗುತ್ತದೆ, ನೆರಳು ದಟ್ಟ, ಬೇರು ನೆಲಕ್ಕೆ ಸಾರಜನಕ ಕೂಡಿಸುತ್ತದೆ, ಸೊಪ್ಪು ಗೊಬ್ಬರ, ಬೀಜ ಎಣ್ಣೆಗೆ. ವೈಶಾಖದಲ್ಲಿ ಕಕ್ಕೆ, ಅಮಲ್ತಾಸ್, ಬಹಾವಾ ಎಂದರೂ ಅದೇ. ಮೂರು ಲೋಕದ ಹೂತೋಟ ಹುಡುಕಿದರೂ ಇದಕ್ಕೆ ಸಮನಾದ ಹಳದಿ ಇಲ್ಲ ಎಂದು ನಾನು ಹೇಳುತ್ತೇನೆ. ಇದು ನಮ್ಮ ನಾಡಿನದೇ ಮರ. ಬಡ ನೆಲದಲ್ಲಿ ಬೆಳೆಯುತ್ತದೆ, ಆಡು ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಲಾಲ್‌ಬಾಗಿನವರು ದೂರದ ದೇಶಗಳ ಗಿಡ ತಂದರೂ ಇದನ್ನು ಬಿಡಲಿಲ್ಲ. ಇದರ ಜೊತೆಗೆ, ಬಯಲಿನಲ್ಲಿ, ಮೂರು ಗುಲ್ಮೊಹರ್ ಇರಲಿ. ತರುಣರ ಮನಸ್ಸೂ ಉಳಿಯಲಿ.

ಬಾವಿಯ ಹತ್ತಿರ, ಬಚ್ಚಲ ನೀರು ಹರಿಯುವ ಕಡೆ, ಹೊಳೆದಾಸವಾಳ. ಹೆಸರೇ ಹೇಳುವಂತೆ ಅದು ನೀರಿನ ಮಗ್ಗುಲಿನ ಮರ. ಮಹಾರಾಷ್ಟ್ರದವರು ಇದನ್ನು ತಾಮಣ ಎಂದು ಕರೆದು ತಮ್ಮ ರಾಜ್ಯದ ಹೂವಾಗಿ ಆರಿಸಿಕೊಂಡಿದ್ದಾರೆ. ಭಾದ್ರಪದ, ಆಶ್ವಿನದಲ್ಲಿ ಪಾರಿಜಾತ. ನಸುಕಿನಲ್ಲಿ ಶಾಲೆಯ ಮಕ್ಕಳು ಆರಿಸಿಕೊಳ್ಳಲಿ. ಕಾರ್ತಿಕದ ಸುಮಾರಿಗೆ ಬಸವನಪಾದ. ಎಲೆ ನೋಡಿದರೆ ಎತ್ತಿನ ಗೊರಸಿನ ಗುರುತು. ನಮ್ಮ ನಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದು? ಅದೇ ಹೊತ್ತಿಗೆ ಆಕಾಶಮಲ್ಲಿಗೆ ರಾತ್ರಿ ಅರಳಿ ಪರಿಮಳ ಬೀರುತ್ತದೆ. ಅದರ ಕೊಂಬೆ ಪೆಡಸು, ಬೇರಿನಿಂದ ಮರಿ ಏಳುತ್ತದೆ. ಗೋಡೆಯಿಂದ ದೂರ ಹಚ್ಚಿರಿ. ನಡುವಿನ ತಿಂಗಳುಗಳಿಗೆ ಅಂಗಳದಲ್ಲಿ ದಾಸವಾಳ, ರತ್ನಗಂಧಿ, ದೇವಕಣಗಿಲೆ ಇದ್ದರೆ ಸಾಕು. ದೇವಕಣಗಿಲೆಯ ಕೊಂಬೆಯನ್ನು ಕಡಿದು ನಾಲ್ಕೈದು ದಿನ ನೆರಳಿನಲ್ಲಿ ಹಾಲು ಒಣಗಲು ಬಿಟ್ಟು ನೆಡಬೇಕು. ಹಸಿಯಾಗಿ ನೆಟ್ಟರೆ ಕೊಳೆಯುತ್ತದೆ.

ಈ ಹೆಸರುಗಳಲ್ಲಿ ಹೆಚ್ಚಿನವು ತಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿದ್ದವು. ಬೀಜಕ್ಕೂ ದೂರ ಹೋಗಬೇಕಾಗಿಲ್ಲ. ಕಕ್ಕೆ, ಗುಲ್ಮೊಹರಿನ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಒರಟು ಕಲ್ಲಿನ ಮೇಲೆ ಸ್ವಲ್ಪ ತಿಕ್ಕಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿದರೆ ಬೀಜ ಉಬ್ಬುತ್ತದೆ. ಆ ಮೇಲೆ ಊರಿರಿ. ಮುಂದಿನ ವರ್ಷದ ಸಸಿಯನ್ನು ಶಾಲೆಯ ಮಕ್ಕಳೇ ಬೆಳೆಸಬಹುದು.

ಮೊದಲು ನೀರು, ಆಮೇಲೆ ಗುಂಡಿ

ಇಷ್ಟು ಹೇಳಿದ ಮೇಲೆ ಮುಖ್ಯವಾದ ಮಾತಿಗೆ ಬರುತ್ತೇನೆ. ಎಷ್ಟು ಗುಂಡಿ ತೋಡಿದೆವು ಎಂದು ನಾವು ಲೆಕ್ಕ ಇಡುತ್ತೇವೆ. ನಮ್ಮ ದೇಶದಲ್ಲಿ 1950ರಲ್ಲಿ ವನಮಹೋತ್ಸವ ಪ್ರಾರಂಭವಾದಾಗಿನಿಂದ ಇದೇ ರೂಢಿ. ಲೆಕ್ಕವನ್ನು ನೀರಿನಿಂದ ಶುರು ಮಾಡಬೇಕು.

ಫೆಬ್ರವರಿ ನಡುವಿನಿಂದ ಮೃಗಶಿರದವರೆಗೆ 16 ವಾರ. ಎಳೆಯ ಗಿಡಕ್ಕೆ ವಾರಕ್ಕೆ 15 ಲೀಟರು, ಅಂದರೆ ಒಂದು ಕೊಡ, ಬೇಕು ಎಂದಿಟ್ಟುಕೊಳ್ಳಿರಿ. ಒಂದು ಗಿಡಕ್ಕೆ ಒಂದು ಬೇಸಿಗೆಗೆ 240 ಲೀಟರು. ಯಾದಿಯಲ್ಲಿರುವ 200 ಗಿಡಕ್ಕೆ 48,000 ಲೀಟರು. 5,000 ಲೀಟರಿನ ಟ್ಯಾಂಕರಾದರೆ ಸುಮಾರು 10. ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಿನಲ್ಲಿ ಇದು ಆಗುವ ಮಾತೇ? ಅದೇ 40 ಗಿಡವಾದರೆ 9,600 ಲೀಟರು, ಎರಡು ಟ್ಯಾಂಕರಿಗೂ ಕಡಿಮೆ. ಇದು ಆಗುತ್ತದೆ. ಹೀಗೆ ಎರಡು ಬೇಸಿಗೆ, ಎರೆ ನೆಲವಾದರೆ ಮೂರು ಬೇಸಿಗೆ ಕಾಯಬೇಕು.

ಇನ್ನೊಂದು ಮಾತು ಗಂಡಸರಿಗೆ. ಈ ಕೊಡ ಹೊರುವವರು ಯಾರು? ಇಲ್ಲಿ ಕುಳಿತಿರುವ ತಾಯಂದಿರು. ಅವರನ್ನು ಕೇಳದೆ ಯಾದಿ ಬರೆಯಬೇಡಿರಿ. ಯಾವ ಗಿಡ ಯಾವ ಮನೆಯ ಹತ್ತಿರ ಬೀಳುತ್ತದೆ, ಆ ಮನೆಯವರು ಒಪ್ಪಿದ್ದಾರೆಯೇ, ನೀರು ಹಾಕುವ ಪಾಳಿಯಲ್ಲಿ ಗಂಡಸರ ಪಾಲು ಎಷ್ಟು ಎಂಬುದು ಇಂದೇ ನಿಶ್ಚಯವಾಗಲಿ. ಒಪ್ಪಿದ ಮನೆ 40 ಇದ್ದರೆ ಗಿಡ 40. ಒಪ್ಪಿದ ಮನೆ 25 ಇದ್ದರೆ 25.

ಹಚ್ಚುವ ಕ್ರಮ ತಮಗೆ ಹೊಸದಲ್ಲ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಯನ್ನು ಈಗಲೇ ತೋಡಿ ಬಿಸಿಲಿಗೆ ಬಿಡಿರಿ. ಎರೆ ಮಣ್ಣಿಗೆ ಅರ್ಧದಷ್ಟು ಕೆಂಪು ಮಣ್ಣು, ಎರಡು ಬುಟ್ಟಿ ಕೊಳೆತ ತಿಪ್ಪೆಗೊಬ್ಬರ ಕೂಡಿಸಿರಿ. ಒಂದೆರಡು ಹದ ಮಳೆ ಆದ ಮೇಲೆ ಹಚ್ಚಿರಿ. ಮೊಣಕಾಲೆತ್ತರದ ಸಸಿ ಬೇಡ. ನಾಲ್ಕೈದು ಅಡಿ ಬೆಳೆದದ್ದನ್ನು ತನ್ನಿರಿ, ಆಡಿನ ಬಾಯಿಗೆ ತಲೆ ಸಿಗಬಾರದು. ಸುತ್ತಲೂ ಜಾಲಿ ಮುಳ್ಳು ಕಟ್ಟಿರಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣು ಏರಿಸಿರಿ, ಮಳೆ ಮುಗಿದ ಮೇಲೆ ಪಾತಿ ಮಾಡಿರಿ. ಚಳಿಗಾಲ ಮುಗಿಯುವ ಹೊತ್ತಿಗೆ ಬುಡಕ್ಕೆ ತೊಗರಿ ಹೊಟ್ಟು, ಸೋಯಾ ಹೊಟ್ಟು, ಒಣ ಎಲೆ ಹೊದಿಸಿರಿ. ನೆಲ ಬಿರಿಯುವುದು ತಪ್ಪಿದರೆ ಬೇರು ಹರಿಯುವುದೂ ತಪ್ಪುತ್ತದೆ. ಹಳೆಯ ಗಡಿಗೆಯ ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ಸೇರಿಸಿ, ಗಿಡದ ಪಕ್ಕದಲ್ಲಿ ಕುತ್ತಿಗೆಯವರೆಗೆ ಹುಗಿದರೆ ಒಂದು ಕೊಡ ನೀರು ಹನಿಹನಿಯಾಗಿ ಬೇರಿಗೇ ಮುಟ್ಟುತ್ತದೆ.

ಕಾಕಾ ಅವರ ಪ್ರಶ್ನೆ

ಈಗ ಕಾಕಾ ಅವರಿಗೆ ಉತ್ತರ. ಹೂವಿನ ಗಿಡದಿಂದ ಹೊಟ್ಟೆ ತುಂಬುತ್ತದೆಯೇ?

ಹೂವನ್ನು ತಿಂದು ಯಾರೂ ಬದುಕುವುದಿಲ್ಲ. ಆದರೆ ಸೂರ್ಯಕಾಂತಿ, ಕುಸುಬೆಯ ಕಾಳು ತುಂಬಬೇಕಾದರೆ ಜೇನು ಬೇಕು ಎಂಬುದನ್ನು ತಾವು ಬಲ್ಲಿರಿ. ಹೊಲದಲ್ಲಿ ಬೆಳೆ ಹೂವಾಡುವುದು ಕೆಲವೇ ವಾರ. ಉಳಿದ ತಿಂಗಳು ಜೇನು ಏನು ತಿನ್ನಬೇಕು? ಬೇವು, ಹುಲಗಲ, ಬೂರುಗ, ಕಕ್ಕೆ ಊರ ಸುತ್ತ ಇದ್ದರೆ ಜೇನು ಊರು ಬಿಡುವುದಿಲ್ಲ. ಹೂವಿನ ಸರದಿ ಎಂದರೆ ಅದು ಜೇನಿನ ಊಟದ ಸರದಿಯೂ ಹೌದು. ಸ್ಟೇಷನ್ನಿನ ದಾರಿಯಲ್ಲಿ ಗಂಟು ಹೊತ್ತು ನಡೆಯುವವರಿಗೆ ನೆರಳು, ಆಡಿಗೆ ಬೇವಿನ ಸೊಪ್ಪು, ಮದುವೆಗೆ ಮುತ್ತುಗದ ಎಲೆ, ಹೊಲಕ್ಕೆ ಹುಲಗಲದ ಗೊಬ್ಬರ, ಇವುಗಳ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಇನ್ನು ಲೆಕ್ಕಕ್ಕೆ ಸಿಗದ್ದು ಒಂದಿದೆ. ವೈಶಾಖದಲ್ಲಿ ನಮ್ಮ ಭೂಮಿ ಎಷ್ಟು ಬರಿದು ಎಂಬುದು ನಮಗೆ ಗೊತ್ತು. ಬೆಳೆ ಇಲ್ಲ, ಹಸಿರು ಇಲ್ಲ, ಹಳ್ಳದಲ್ಲಿ ನೀರಿಲ್ಲ. ಸಾಲದ ಚಿಂತೆ ಮಾತ್ರ ಹಸಿರಾಗಿರುತ್ತದೆ. ಅಂತಹ ತಿಂಗಳಲ್ಲಿಯೇ ಕಕ್ಕೆ ಎಲೆಗಿಂತ ಮುಂಚೆ ಹೂವು ಬಿಡುತ್ತದೆ. ಮನೆಯ ಮುಂದೆ ಅದನ್ನು ನೋಡುವವನಿಗೆ ಮಳೆಯವರೆಗೆ ಕಾಯುವ ಧೈರ್ಯ ಸ್ವಲ್ಪ ಹೆಚ್ಚು ಇರುತ್ತದೆ ಎಂದು ನನ್ನ ಅನುಭವ.

ಬೀದರದ ದೊರೆಗಳಿಗೆ ಹಣ ಇತ್ತು, ಆಳು ಇತ್ತು, ಪರ್ಷಿಯಾದ ವಿದ್ಯೆ ಇತ್ತು. ಅವರ ಗಿಡ ಉಳಿಯಲಿಲ್ಲ. ಬೆಂಗಳೂರಿನ ತೋಟ ಉಳಿದದ್ದು ನೀರು ಹಾಕುವ ಕೈ ತಪ್ಪದೆ ಇದ್ದುದರಿಂದ. ಲಾಲ್‌ಬಾಗಿನಿಂದ ನಮ್ಮೂರಿಗೆ ತರಬೇಕಾದದ್ದು ಆ ಕೈಯ ನೇಮವನ್ನು. ಹಚ್ಚುವ ಮೊದಲು ಕೇಳಿ ತಿಳಿಯುವುದು, ಹಚ್ಚಿದ ಮೇಲೆ ಬಿಡದೆ ಕಾಯುವುದು, ಇಷ್ಟೇ ಆ ನೇಮ. ಅದಕ್ಕೆ ರೈಲಿನ ಚಾರ್ಜು ಇಲ್ಲ.

ಯಾದಿಯನ್ನು ಇಲ್ಲಿಯೇ ಇಡುತ್ತೇನೆ. ತಾಯಂದಿರೂ ಕುಳಿತು ಇದನ್ನು ಇಂದೇ ಹೊಸದಾಗಿ ಬರೆಯಿರಿ. ಗಿಡದ ಹೆಸರಿನ ಮುಂದೆ ಜಾಗದ ಹೆಸರು, ಜಾಗದ ಮುಂದೆ ನೀರು ಹಾಕುವವರ ಹೆಸರು ಇರಲಿ. ಬರುವ ವೈಶಾಖದಲ್ಲಿ ತಾವು ಕರೆದರೆ ನಾನು ಮತ್ತೆ ಬರುತ್ತೇನೆ. ಆಗಲೂ ಬಾಗಿಲಲ್ಲಿ ನಿಂತಿರುವ ಆ ಹುಡುಗನನ್ನೇ ಕೇಳುತ್ತೇನೆ. ಅವನು ಬೆರಳು ತೋರಿಸಲು ಎರಡು ಕೈ ಸಾಲದಂತೆ ಆಗಲಿ.